ಬೇರೆ ಕೂತ ನಂಬರ್ ಪ್ಯಾಡು

ರಕ್ತಪರೀಕ್ಷೆ ಲ್ಯಾಬಿನ ಮೇಜಿಗೆ ಗಿಡ್ಡ ಕೀಬೋರ್ಡು ಬಂದಿದ್ದೇ ತಡ, ಮೂಲೆಗೆ ಸೇರಿದ್ದ ಉದ್ದ ಕೀಬೋರ್ಡು ಬಾಯಿ ತೆಗೆಯಿತು. ಸುಮ್ಮನಿರುವ ಜಾತಿಯೇ ಅಲ್ಲ ಅದು.

"ಏನೇ, ನಿನ್ನ ನಂಬರ್ ಪ್ಯಾಡು ಬೇರೆ ಮನೆ ಮಾಡಿದೆಯಂತೆ? ನನ್ನದು ನೋಡು, ಹುಟ್ಟಿದಾಗಿಂದ ಪಕ್ಕ ಬಿಟ್ಟಿಲ್ಲ."

"ಅದು ಬಲಗಡೆ ಕೂತರೆ ಮೌಸು ದೂರವಾಗುತ್ತೆ, ಅತ್ತೆ. ಕೈ ಚಾಚಿ ಚಾಚಿ ಇಲ್ಲಿ ರಿಪೋರ್ಟು ಟೈಪ್ ಮಾಡೋ ವಾರಿಜಮ್ಮನ ಭುಜ ಹಿಡಿದುಕೊಂಡಿದೆ. ಅದಕ್ಕೇ ಬೇರೆ ಕೂರಿಸಿದ್ದೀನಿ" ಎಂದಿತು ಗಿಡ್ಡದು.

ಅಷ್ಟರಲ್ಲಿ ವಾರಿಜಮ್ಮ ಬಂದು ಕೂತಳು. ಯಾರದೋ ಸಕ್ಕರೆ ಪರೀಕ್ಷೆಯ ಅಂಕಿ ಹಾಕಲು ಪ್ಯಾಡನ್ನು ಎಡಗೈ ಹತ್ತಿರ ಎಳೆದುಕೊಂಡಳು. ಬಲಗೈ ಮೌಸಿನ ಮೇಲೆ ಆರಾಮಾಗಿ ಕೂತಿತು. ಎಂದಿನಂತೆ "ಅಮ್ಮಾ" ಎಂದು ನರಳಲಿಲ್ಲ.

ಉದ್ದ ಕೀಬೋರ್ಡಿನ ದನಿ ಇಳಿಯಿತು. "ಆ ನರಳಾಟ ನಾನು ದಿನಾ ಕೇಳ್ತಿದ್ದೆ ಕಣೇ. ವಯಸ್ಸಿನದು ಅಂದುಕೊಂಡಿದ್ದೆ."

"ಅವಳೂ ಹಾಗೇ ಅಂದುಕೊಂಡಿದ್ದಳು, ಅತ್ತೆ."