ತಾನಾಗಿಕಾನಿಗೆ ಆ ಹೆಸರು ಅಂಟಿಕೊಂಡದ್ದು

ಘಟ್ಟದ ಬುಡದಲ್ಲಿ ಹಳ್ಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ನಿಂತರೆ ತಾನಾಗಿಕಾನು ಎದುರಿಗೇ ಕಾಣುತ್ತದೆ. ಸುತ್ತಲಿನ ಗುಡ್ಡವೆಲ್ಲ ಚಿರೆಕಲ್ಲಿನ ಬೋಳು. ನಡುವಿನ ಒಂದು ಮಡಿಕೆಯಲ್ಲಿ ಮಾತ್ರ ಬಿಸಿಲು ನೆಲ ಮುಟ್ಟದಷ್ಟು ದಟ್ಟವಾದ ಕಾಡು, ನಮ್ಮ ಮಾತಿನಲ್ಲಿ ಕಾನು. ರಸ್ತೆಯಂಚಿನ ಫಲಕದಲ್ಲಿ ‘ಸ್ಥಾಣುಗಿರಿ’ ಎಂದು ಬರೆದಿದೆ. ಯಾರೋ ಓದಿದವರು ನಮ್ಮ ಹೆಸರನ್ನು ತಿದ್ದಿ ಉಪಕಾರ ಮಾಡಿದ್ದಾರೆ. ಸ್ಥಾಣು ಎಂದರೆ ಶಿವ, ಒಪ್ಪಿದೆ. ಆದರೆ ಕೊಂಬೆ ಕಳೆದುಕೊಂಡು ನಿಂತ ಮರದ ಮೋಟಿಗೂ ಸಂಸ್ಕೃತದಲ್ಲಿ ಅದೇ ಹೆಸರು. ಅವರು ಪುಸ್ತಕ ನೋಡಿ ಬರೆದರೋ ಗುಡ್ಡ ನೋಡಿ ಬರೆದರೋ ನನಗೆ ತಿಳಿಯದು. ಮೊದಮೊದಲು ಬಂದವರಿಗೆಲ್ಲ ಅದು ತಪ್ಪು ಎಂದು ಹೇಳುತ್ತಿದ್ದೆ. ಈಗ ಕೇಳಿದವರಿಗೆ ಮಾತ್ರ ಹೇಳುತ್ತೇನೆ.

ಹಿಂದೆ ಒಮ್ಮೆ ಈ ಇಳಿಜಾರೆಲ್ಲ ಕಾನೇ ಆಗಿತ್ತು ಎನ್ನುತ್ತಾರೆ. ಹಡಗಿನ ಹಾಯಿ ಕಟ್ಟುವ ಕೂವೆಮರಕ್ಕೆ ಹೇಳಿ ಮಾಡಿಸಿದಂತಹ ಸುರಹೊನ್ನೆಗಳು ನೆಟ್ಟಗೆ ಎದ್ದು ನಿಂತಿದ್ದವು. ಅವುಗಳ ಕೆಳಗೆ, ನೀರು ಒಸರುವಲ್ಲಿ, ರಾಮಪತ್ರೆಯ ಮರಗಳು ಮಂಡಿಯೂರಿದ ಹಾಗೆ ಬೇರುಗಳನ್ನು ಮೇಲೆತ್ತಿಕೊಂಡಿದ್ದವು. ಕಾನಿನ ಒಡತಿ ಕಾನಬ್ಬೆ, ಗುಡಿಯಿಲ್ಲದ ದೇವತೆ. ಅವಳದು ಒಂದು ಕಲ್ಲು, ಒಂದು ಹಣತೆ. ಅವಳ ಕಾಲಬುಡದಿಂದ ಹೊರಟ ಅಬ್ಬಿಯ ನೀರಿನಲ್ಲಿ ಹಳ್ಳದಕೇರಿಯ ಒಕ್ಕಲು ಮಕ್ಕಳು ಗದ್ದೆ ಮಾಡಿಕೊಂಡಿದ್ದರು. ಹಣತೆ ಹಚ್ಚುವ ಕೆಲಸ ಬುಧು ಎಂಬವಳ ಮನೆಯದು. ಅವಳ ಗಂಡ ಹಮ್ಮ ಗೌಡನಿಗೆ ಕಾಲು ಸ್ವಾಧೀನವಿರಲಿಲ್ಲವಾದ್ದರಿಂದ ಉಳುಮೆ, ನೀರು, ಹಣತೆ ಮೂರನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಅಬ್ಬಿ ಬತ್ತಿದರೆ ಮೊದಲು ಒಣಗುವುದು ಎಲ್ಲಕ್ಕಿಂತ ಮೇಲಿದ್ದ ಅವಳ ಗದ್ದೆ. ಗದ್ದೆ ಹೋದರೆ, ನಡೆಯಲಾಗದ ಗಂಡನನ್ನು ಕಟ್ಟಿಕೊಂಡು ಅವಳು ಎಲ್ಲಿಗೂ ಗುಳೆ ಹೋಗುವಂತಿರಲಿಲ್ಲ.

ನದಿಯ ಬಾಯಲ್ಲಿ ಹಡಗು ಕಟ್ಟುವವರು ಬಂದು ನೆಲೆಸಿದ ಮೇಲೆ ಸುರಹೊನ್ನೆಗೆ ಬೆಲೆ ಬಂತು. ಕಾನನ್ನು ಕಾಯಲು ನಮ್ಮವರು ಏನೂ ಮಾಡಲಿಲ್ಲ ಎಂದು ಹೇಳಬಾರದು, ಮಾಡಬಹುದಾದದ್ದನ್ನೆಲ್ಲ ಮಾಡಿದರು. ಮೊದಲು ಕಾನಬ್ಬೆಯ ಪಾತ್ರಿ ಮೈಮೇಲೆ ದೇವರು ಬಂದು, ಕೊಡಲಿ ಹಾಕಿದವನು ರಕ್ತ ಕಾರಿ ಸಾಯುತ್ತಾನೆ ಎಂದು ನುಡಿದ. ಊರು ಹೆದರಿತು. ಆಮೇಲೊಬ್ಬ ಕುಡಿದ ಅಮಲಿನಲ್ಲಿ ಒಂದು ಮರ ಕಡಿದ. ಅವನು ರಕ್ತ ಕಾರಲಿಲ್ಲ. ಮೊಮ್ಮಕ್ಕಳ ಮದುವೆ ಊಟ ಉಂಡು ಮುಪ್ಪಿನಿಂದ ಸತ್ತ. ಅವನು ಬದುಕಿದಷ್ಟು ಕಾಲವೂ ಕಾನಿಗೆ ಕೇಡೇ ಆಯಿತು. ಆಮೇಲೆ ನಾಡನ್ನು ಆಳುತ್ತಿದ್ದ ಪಾಳೆಯಗಾರ ಸೂರ್ಯಚಂದ್ರರನ್ನು ಕೆತ್ತಿಸಿ ಎಲ್ಲೆಕಲ್ಲು ನೆಡಿಸಿದ. ಕಲ್ಲಿಗೆ ಕಾಲು ಬಂತು. ಪ್ರತಿ ಬೇಸಗೆಯಲ್ಲೂ ಅದು ಒಂದಿಷ್ಟು ಮೇಲೆ ಹತ್ತಿ ನಿಲ್ಲುತ್ತಿತ್ತು, ಬಿಟ್ಟ ಜಾಗದಲ್ಲಿ ರಾಗಿ ಬೆಳೆಯುತ್ತಿತ್ತು. ಕೊನೆಗೆ ಕಾವಲಿನವರನ್ನು ಇಟ್ಟರು. ಘಟ್ಟದ ಚಳಿಗೆ ಕಾವಲಿನವರು ಬೆಂಕಿ ಕಾಯಿಸಿಕೊಳ್ಳಬೇಕಲ್ಲ, ಬೆಂಕಿಗೆ ಕಟ್ಟಿಗೆ ಎಲ್ಲಿಂದ ಬರಬೇಕು? ಹೇಳುತ್ತಾ ಹೋದರೆ ನನಗೇ ಬೇಸರ ಬರುತ್ತದೆ.

ಆಗ ಊರ ಹಿರಿಯ ಪರಮ ಗೌಡ ಕೂಟ ಕೂಡಿಸಿ, ಎಲ್ಲರಿಗೂ ಒಪ್ಪುವ ಒಂದು ಕಟ್ಟಳೆ ಮಾಡಿದ: ನಿಂತ ಮರವನ್ನು ಯಾರೂ ಮುಟ್ಟಬಾರದು, ತಾನಾಗಿ ಬಿದ್ದದ್ದನ್ನು ಯಾರು ಬೇಕಾದರೂ ಒಯ್ಯಬಹುದು. ಜನಕ್ಕೂ ಮರ ಬೇಕು, ಕಾನೂ ಉಳಿಯಬೇಕು. ಕೇಳಿದರೆ ನ್ಯಾಯವಾಗಿಯೇ ಇದೆ. ಆ ವರ್ಷದಿಂದ ಕಾನಿನಲ್ಲಿ ಮರಗಳು ತಾನಾಗಿ ಬೀಳತೊಡಗಿದವು. ಗಾಳಿಯಿಲ್ಲದ ದಿನ ಬಿದ್ದವು, ಎಳೆಯವು ಬಿದ್ದವು, ಹಡಗಿನವರಿಗೆ ಬೇಕಾದ ಉದ್ದದವೇ ಹೆಚ್ಚಾಗಿ ಬಿದ್ದವು. ಬುಡದ ಸುತ್ತ ತೊಗಟೆ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಬೇರಿನ ಮಣ್ಣನ್ನು ಕೆದಕಿ ಬಿಟ್ಟರೆ ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ಕೊಡಲಿಯನ್ನಂತೂ ಯಾರೂ ಮುಟ್ಟಿರಲಿಲ್ಲ. ಸುಂಕದ ಕಟ್ಟೆಯಲ್ಲಿ ಮರದ ಗಾಡಿ ನಿಲ್ಲಿಸಿ ಇದು ಹೇಗೆ ಬಿತ್ತಪ್ಪಾ ಎಂದು ಕೇಳಿದರೆ, ಎಲ್ಲರದೂ ಒಂದೇ ಉತ್ತರ: “ತಾನಾಗಿ.” ಕಟ್ಟೆಯವರು ನಗಾಡುತ್ತಾ ಈ ಕಾನಿಗೇ ಆ ಹೆಸರಿಟ್ಟರು ಎನ್ನುತ್ತಾರೆ. ನಮ್ಮ ಕಾನಿನ ಹೆಸರು ಹುಟ್ಟಿದ್ದು ಹೀಗೆ, ಪರರ ಗೇಲಿಯಿಂದ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ವರ್ಷವಿಡೀ ಹರಿಯುತ್ತಿದ್ದ ಅಬ್ಬಿ ಯುಗಾದಿಗೆ ನಿಲ್ಲತೊಡಗಿತು, ಆಮೇಲೆ ಶಿವರಾತ್ರಿಗೇ ನಿಂತಿತು. ಬುಧುವಿನ ಮೇಲಿನ ಗದ್ದೆಯಲ್ಲಿ ಭತ್ತ ಹಾಲುಗಟ್ಟದೆ ಜೊಳ್ಳಾಯಿತು. ಕೇರಿಯ ಕೆಲವು ಮನೆಗಳವರು ಚಾಪೆ ಸುತ್ತಿಕೊಂಡು ಹೊಳೆಯ ಆಚೆಗೆ ಹೋದರು. ಬುಧು ಕೂಟಕ್ಕೆ ಬಂದಳು. ಹೆಂಗಸರು ಕೂಟದಲ್ಲಿ ಮಾತಾಡುವ ರೂಢಿ ಇರಲಿಲ್ಲ. ಆದರೆ ಹಣತೆ ಹಚ್ಚುವವಳಿಗೆ ಬಾಯಿ ಮುಚ್ಚು ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ.

“ಬಿದ್ದದ್ದೂ ಅಲ್ಲೇ ಇರ್ಲಿ, ಒಡೆಯಾ,” ಎಂದಳು. “ತಾನಾಗಿ ಬಿದ್ದದ್ದು ತಾನಾಗಿ ಕೊಳೀಲಿ. ಹೊರಗೆ ತರೂಕೇ ಇಲ್ಲ ಅಂದ್ರೆ ಯಾರೂ ಬೀಳಸೂಕೆ ಹೋಗೂದಿಲ್ಲ.”

ಪರಮ ಗೌಡ ತಲೆ ಕೆರೆದುಕೊಂಡ. “ಅಷ್ಟು ಮರ ಹಾಳಾಗಿ ಹೋಗೂದು ನೋಡ್ತಾ ಕೂಡೂದಾ? ನಾಳೆ ನಿನ್ನ ಮನೆಗೇ ಬೇಕಾಯ್ತು ಅನ್ನು, ಆಗೆಂತಾ ಮಾಡ್ತೆ?”

“ನಮ್ಮನೆಗೂ ಇಲ್ಲ,” ಎಂದಳು ಬುಧು.

ಕೂಟ ಒಪ್ಪಿತು. ಮನಸ್ಸಿನಿಂದ ಒಪ್ಪಿತು ಎಂದು ನಾನು ನಂಬುವುದಿಲ್ಲ. ಇನ್ನೊಂದು ಕಟ್ಟಳೆ ತಾನೇ, ಇದೂ ನಾಲ್ಕು ದಿನದ ಮಾತು ಎಂದುಕೊಂಡೇ ಒಪ್ಪಿರಬೇಕು. ಆ ಮಳೆಗಾಲದ ಗಾಳಿಗೆ ದೊಡ್ಡದೊಂದು ಸುರಹೊನ್ನೆ ಉರುಳಿತು. ಅದು ನಿಜಕ್ಕೂ ತಾನಾಗಿಯೇ ಬಿದ್ದದ್ದು. ಬೀಳುವುದನ್ನು ಪರಮ ಗೌಡ ಕಣ್ಣಾರೆ ಕಂಡಿದ್ದ. ಬಂಡೆಗಳ ಮೇಲೆ ಅಡ್ಡಬಿದ್ದು, ನೆಲದ ತೇವ ತಾಗದೆ, ಬೇಸಗೆಯಿಡೀ ಒಣಗಿತು. ಊರೆಲ್ಲ ಅದನ್ನು ನೋಡುತ್ತಿತ್ತು, ಯಾರು ಮೊದಲು ಕೈ ಹಾಕುತ್ತಾರೆ ಎಂದು ಕಾಯುತ್ತಿತ್ತು.

ಮರುವರ್ಷದ ಆಷಾಢದಲ್ಲಿ, ಮಳೆ ಹಿಡಿದು ಬಿಡದೆ ಹೊಡೆಯುತ್ತಿದ್ದಾಗ, ಹಮ್ಮ ಗೌಡ ತೀರಿಕೊಂಡ. ಅವರ ಮನೆತನದಲ್ಲಿ ಸುಡುವ ಪದ್ಧತಿ. ಕೇರಿಯಲ್ಲಿ ಒಣ ಕಟ್ಟಿಗೆ ಎಂಬುದು ಒಲೆಗೂ ಸಾಲದಷ್ಟಿತ್ತು. ಇದ್ದ ಮನೆಗಳೇ ಕೆಲವು, ಅವರ ಸೌದೆಯೂ ನೆನೆದಿತ್ತು. ಹೆಣ ಅಂಗಳದ ಮಾಡಿನ ಕೆಳಗಿತ್ತು. ಪರಮ ಗೌಡ ತಾನೇ ಕೊಡಲಿ ಹಿಡಿದು, ಮಳೆಗೆ ಗೊರಬು ಹೊದ್ದು ಬಂದ. ಅವನು ಬಂದದ್ದು ಕನಿಕರದಿಂದಲೇ, ಅದರಲ್ಲಿ ಕಪಟವಿರಲಿಲ್ಲ.

“ಆ ಬಂಡೆ ಮೇಲಿಂದು ಖರೇನೇ ತಾನಾಗಿ ಬಿದ್ದದ್ದು, ಬುಧು. ನಾನೇ ನೋಡಿದ್ದೆ. ಮೇಲೆ ನೆಂದ್ರೂ ಒಳಗೆ ಒಣಗೇ ಅದೆ. ಯಾರೂ ಒಂದು ಮಾತು ಆಡೂದಿಲ್ಲ.”

“ಖರೇ ಹೌದು. ಅದ್ಕೇ ಬ್ಯಾಡ,” ಎಂದಳು ಬುಧು. “ಖರೇ ಬಿದ್ದದ್ದು ಒಂದು ಹೊರಗೆ ಬಂದ್ರೆ, ಅದ್ರ ಬೆನ್ನಿಗೆ ಸುಳ್ಳೇ ಬಿದ್ದದ್ದು ಹತ್ತು ಬತ್ತದೆ.”

ಹೇಳಿ ಅವಳು ಕೊಟ್ಟಿಗೆಗೆ ಹೋದಳು. ಹಸುವನ್ನು ಬಿಚ್ಚಿ ಹೊರಗೆ ಹಲಸಿನ ಮರದ ಕೆಳಗೆ ಕಟ್ಟಿದಳು. ಏಣಿ ಹತ್ತಿ ಹುಲ್ಲು ಕೆದರಿದಳು, ಗಳು ಇಳಿಸಿದಳು, ಜಂತಿ ಇಳಿಸಿದಳು. ಕಂಬಗಳನ್ನು ಕೀಳಲು ಅವಳೊಬ್ಬಳಿಂದ ಆಗಲಿಲ್ಲ. ಪರಮ ಗೌಡ ಕೊಡಲಿಯನ್ನು ಗೋಡೆಗೆ ಒರಗಿಸಿ, ಹೋಗಿ ಕೈ ಜೋಡಿಸಿದ. ಮತ್ತೆ ಉಳಿದವರೂ ಬಂದರು. ಕೊಟ್ಟಿಗೆಯ ಹೊಗೆ ಕುಡಿದು ಕಪ್ಪಾಗಿದ್ದ ಮರ ಚೆನ್ನಾಗಿ ಉರಿಯಿತು. ಹಸು ಆ ಮಳೆಗಾಲವಿಡೀ ನೆನೆಯಿತು. ಗಂಡ ಸತ್ತಾಗ ಅಳದ ಬುಧು, ನಡುಗುವ ಹಸುವಿನ ಮೈ ಒರೆಸುತ್ತಾ ಅಳುತ್ತಿದ್ದಳು ಎನ್ನುತ್ತಾರೆ.

ಅಲ್ಲಿಂದೀಚೆಗೆ ಬಿದ್ದ ಮರವನ್ನು ಯಾರೂ ಮುಟ್ಟಿಲ್ಲ. ಶಾಪ, ಶಾಸನ, ಕಾವಲು ಯಾವುದೂ ಮಾಡದ ಕೆಲಸವನ್ನು ಆ ಕಿತ್ತ ಕೊಟ್ಟಿಗೆ ಮಾಡಿತು. ಆದರೆ ಇದನ್ನು ಉಪಾಯವೆಂದು ಬೇರೆ ಊರಿಗೆ ಹೇಳಿಕೊಡಲು ನನಗೆ ಬಾಯಿ ಬರುವುದಿಲ್ಲ. ಪ್ರತಿ ಕಾನಿಗೂ ಒಬ್ಬೊಬ್ಬ ಬುಧುವನ್ನು ಎಲ್ಲಿಂದ ತರುವುದು? ತಂದರೂ, ಅವಳ ಕೊಟ್ಟಿಗೆಯನ್ನು ಕೇಳುವ ಮುಖ ನಮಗೆಲ್ಲಿದೆ? ಇಷ್ಟಾಗಿಯೂ, ಅಷ್ಟು ಹೊತ್ತಿಗೆ ಉಳಿದದ್ದು ಆ ಮಡಿಕೆಯೊಂದೇ. ಬೋಳುಗುಡ್ಡದ ಮೇಲೆ ಕಾನು ಮರಳಿ ಹತ್ತಲಿಲ್ಲ. ಅಬ್ಬಿ ಈಗ ಯುಗಾದಿ ದಾಟುತ್ತದೆ, ವರ್ಷ ದಾಟುವುದಿಲ್ಲ.

ನೋಡಲು ಬರುವವರು ಈಗಲೂ ಬರುತ್ತಾರೆ. ಕಾನಿನೊಳಗೆ ಅಡ್ಡಡ್ಡ ಬಿದ್ದು ಮೆತ್ತಗಾದ ಮರಗಳು, ಅವುಗಳ ಬೆನ್ನ ಮೇಲೆ ಸಾಲಾಗಿ ಎದ್ದ ಸಸಿಗಳು, ಅಣಬೆ, ಪಾಚಿ ಕಾಣುತ್ತವೆ. ಹೊಸದಾಗಿ ಉರುಳಿದ್ದೊಂದು ಇದ್ದರೆ ಯಾರಾದರೂ ಅದರ ಮೇಲೆ ತಟ್ಟಿ ನೋಡಿಯೇ ನೋಡುತ್ತಾರೆ. “ಎಂಥ ಮರ! ಸುಮ್ಮನೆ ಹಾಳಾಗ್ತಾ ಇದೆಯಲ್ಲ. ಇದು ತಾನಾಗಿಯೇ ಬಿದ್ದದ್ದಲ್ವಾ?” ಎಂದು ಕೇಳುತ್ತಾರೆ. ಒಳ್ಳೆಯವರೇ ಕೇಳುತ್ತಾರೆ. ಹೌದು ಎನ್ನುತ್ತೇನೆ. ಆಮೇಲೆ ಅವರನ್ನು ಕೆಳಗೆ ಹಳ್ಳದಕೇರಿಗೆ ಕರೆತಂದು, ಒಂದು ಹಳೆಯ ಮನೆಯ ಪಕ್ಕದ ಚಿರೆಕಲ್ಲಿನ ನೆಲದಲ್ಲಿ ಕಂಬ ಕಿತ್ತ ಗುಳಿಗಳನ್ನು ತೋರಿಸುತ್ತೇನೆ. ಅಲ್ಲಿ ಮತ್ತೆ ಕೊಟ್ಟಿಗೆ ಏಳಲಿಲ್ಲ. ಗುಳಿಗಳಲ್ಲಿ ಮಳೆನೀರು ನಿಂತಿರುತ್ತದೆ, ಆ ಮನೆಯ ಈಗಿನ ಹಸು ಬಂದು ಕುಡಿದು ಹೋಗುತ್ತದೆ.