ನೇರಳೆಯ ಎಡಮಗ್ಗುಲು

ಮಕ್ಕಳೇ, ಜೊಂಡುಹುಲ್ಲು ಆಳೆತ್ತರ ಬೆಳೆದ ಒಂದು ಮಡುವಿತ್ತು. ಅದರ ದಡದಲ್ಲಿ ಕಾಡೆಮ್ಮೆಗಳ ಹಿಂಡೊಂದು ಬಾಳುತ್ತಿತ್ತು. ದೊಡ್ಡವು ಹನ್ನೊಂದು, ಕರುಗಳು ನಾಲ್ಕು. ಬೆಳಗ್ಗೆ ಮೇವು, ಮಧ್ಯಾಹ್ನ ಕೆಸರು, ಸಂಜೆ ನೀರು. ಇಷ್ಟೇ ಅವುಗಳ ದಿನಚರಿ.

ಕೆಸರಿನಲ್ಲಿ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತಿದ್ದವು. ನೇರಳೆ ಎಂಬ ಎಮ್ಮೆ ಮಾತ್ರ ತನ್ನ ಎಡಮಗ್ಗುಲಲ್ಲಿ ಒಂದು ಕರು ಹಿಡಿಯುವಷ್ಟು ಜಾಗ ಬಿಟ್ಟು ಮಲಗುತ್ತಿತ್ತು.

ಹೋದ ವರ್ಷ ಆ ಜಾಗದಲ್ಲಿ ರಾಗಿ ಮಲಗುತ್ತಿತ್ತು. ರಾಗಿ ನೇರಳೆಯ ಕರು. ಮೈಬಣ್ಣ ಆಗತಾನೆ ತೊಳಸಿದ ಮುದ್ದೆಯ ಹಾಗೆ, ಅದಕ್ಕೇ ಆ ಹೆಸರು. ಮಲಗುವ ಮೊದಲು ಅಮ್ಮನ ಹಿಂಗಾಲಿಗೆ ಮೂತಿ ಒತ್ತಿ ಎರಡು ಸಲ ಬಿಸಿಯುಸಿರು ಬಿಡುವುದು ಅದರ ಅಭ್ಯಾಸ. ಈಗ ಕೆಸರಿನಲ್ಲಿ ಒಂದು ಗುಳ್ಳೆ ಒಡೆದರೂ ನೇರಳೆ ಎಡಕ್ಕೆ ತಿರುಗಿ ನೋಡುತ್ತಿತ್ತು. ಗುಳ್ಳೆಯೆಂದು ಗೊತ್ತಿದ್ದೂ ನೋಡುತ್ತಿತ್ತು.

ಆ ಹಿಂಡಿನಲ್ಲಿ ಹಿರಿಯರ ಕಾಲದಿಂದ ಬಂದ ಒಂದು ಕಟ್ಟುಪಾಡಿತ್ತು. ಹುಲಿಯ ವಾಸನೆ ಬಂದರೆ ಕರುಗಳನ್ನು ನಡುವೆ ಹಾಕಿಕೊಂಡು ದೊಡ್ಡವೆಲ್ಲ ಸುತ್ತಲೂ ಬಳೆಯಂತೆ ನಿಲ್ಲಬೇಕು. ಬಾಲ ಒಳಗೆ, ಕೊಂಬು ಹೊರಗೆ. ಹುಲಿ ಮೇಲೆ ಬಿದ್ದರೆ ತಿವಿಯಬಹುದು. ಅದು ಹಿಂದೆ ಸರಿದರೆ ಒಂದು ಹೆಜ್ಜೆಯನ್ನೂ ಮುಂದಿಡುವಂತಿಲ್ಲ.

ರಾಗಿ ಹೋದ ದಿನವೂ ಹೀಗೇ ಬಳೆ ಕಟ್ಟಿದ್ದರು. ಹುಲಿ ಎಗರಿತು, ನೇರಳೆಯ ಕೊಂಬು ತಾಗಿ ಹೆದರಿ ಓಡಿತು. ನೇರಳೆಗೆ ರಕ್ತ ಕುದಿಯಿತು. ಕೊಂದೇ ತೀರುತ್ತೇನೆಂದು ನಲವತ್ತು ಹೆಜ್ಜೆ ಅಟ್ಟಿಸಿಕೊಂಡು ಹೋಯಿತು. ಅದು ಬಿಟ್ಟುಹೋದ ಸಂದಿನಿಂದ ಏನೋ ಒಂದು ಸರಕ್ಕನೆ ನುಗ್ಗಿತು. ತಿರುಗಿ ಬರುವ ಹೊತ್ತಿಗೆ ದೂಳು ಮಾತ್ರ ಉಳಿದಿತ್ತು.

"ನಾನು ಹೋದರೇನಾಯ್ತು? ಪಕ್ಕದ ಬೂದಿ ಸರಿದು ಸಂದು ಮುಚ್ಚಬೇಕಿತ್ತು" ಎಂದು ನೇರಳೆ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿತು. ಬೂದಿ ಜೊತೆಯಲ್ಲೇ ಬೆಳೆದ ಗೆಳತಿ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ನೇರಳೆ ದಿನಾ ಬೆಳಗ್ಗೆ ಮತ್ತಿಮರಕ್ಕೆ ಕೊಂಬು ಮಸೆಯತೊಡಗಿತು. ಹುಲಿ ಸತ್ತರೆ ಎದೆಯೊಳಗಿನ ಉರಿ ಆರೀತು, ಎಡಮಗ್ಗುಲು ತುಂಬೀತು ಎಂದು ಅದರ ನಂಬಿಕೆ.

ಅದರ ಬೆನ್ನ ಮೇಲೆ ಸವಾರಿ ಮಾಡುತ್ತಿದ್ದ ಬೆಳ್ಳಕ್ಕಿಗೆ ಇದು ಸರಿಬರಲಿಲ್ಲ. ಕಾಡಿನವರೆಲ್ಲ ಅದನ್ನು ಮೇಷ್ಟ್ರು ಎನ್ನುತ್ತಿದ್ದರು. "ಹಿಂಸೆ ಪಾಪ ನೇರಳಕ್ಕ. ಕೊಂಬು ಇದೆ ಅನ್ನೋದನ್ನೇ ಮರೆತುಬಿಡಿ. ಹುಲಿಯದೂ ಒಂದು ಜೀವವೇ" ಎಂದಿತು, ಮಿಡತೆಯೊಂದನ್ನು ಕೊಕ್ಕಿನಲ್ಲಿ ಹಿಡಿದುಕೊಂಡೇ.

"ಬಾಯಲ್ಲಿರೋದನ್ನ ನುಂಗಿ ಆಮೇಲೆ ಮಾತಾಡಿ, ಮೇಷ್ಟ್ರೇ" ಎಂದಿತು ನೇರಳೆ.

ಆದರೂ ಆ ಮಾತು ಒಳಗೆ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ನೇರಳೆ ಹಿಂಡಿನ ಮುದಿಯಜ್ಜಿಯ ಹತ್ತಿರ ಹೋಯಿತು. "ಅಜ್ಜಿ, ಹಿಂದೆ ಹೋಗಿ ಕೊಲ್ಲಬಾರದು ಅನ್ನೋದಾದ್ರೆ ದೇವರು ನಮಗೆ ಕೊಂಬು ಯಾಕೆ ಕೊಟ್ಟ?"

ಅಜ್ಜಿ ಮೆಲುಕು ಹಾಕುವುದನ್ನು ಮುಗಿಸಿಯೇ ಉತ್ತರ ಕೊಟ್ಟಿತು. "ಊರವರ ಮನೆಗೆ ಬಾಗಿಲು ಅಂತ ಒಂದು ಇರುತ್ತಂತೆ. ಕಳ್ಳ ಓಡಿಹೋದ ಅಂತ ಆ ಬಾಗಿಲನ್ನೇ ಕಿತ್ತುಕೊಂಡು ಅವನ ಹಿಂದೆ ಓಡ್ತಾರೇನೇ?"

ನೇರಳೆಗೆ ಈ ಉತ್ತರ ರುಚಿಸಲಿಲ್ಲ. ಮತ್ತಿಮರದ ಕಡೆಗೆ ನಡೆಯಿತು.

ಮಡುವಿನ ನೀರು ತಗ್ಗುವ ಕಾಲಕ್ಕೆ ಬೂದಿ ಒಂದು ಕರು ಹಾಕಿತು. ಎಳ್ಳು ಎಂದು ಹೆಸರಿಟ್ಟರು. ಎಳ್ಳಿಗೆ ಹತ್ತು ದಿನ ತುಂಬಿದ ಮಧ್ಯಾಹ್ನ ಗಾಳಿಯಲ್ಲಿ ಹುಲಿಯ ವಾಸನೆ ಬಂತು.

ಬಳೆ ಕಟ್ಟಿದರು. ಜೊಂಡಿನ ಕಡೆಗೆ ಮುಖಮಾಡಿ ನೇರಳೆ ನಿಂತಿತು. ಅದರ ಪಕ್ಕಕ್ಕೆ ಬೂದಿ. ಹುಲಿ ನೇರವಾಗಿ ನೇರಳೆಯ ಮೇಲೆಯೇ ಎಗರಿತು. ಮಸೆದ ಕೊಂಬು ಭುಜಕ್ಕೆ ತಾಗಿತು. ಹುಲಿ ಹತ್ತು ಮಾರು ದೂರ ಹೋಗಿ ಬಿತ್ತು. ಎದ್ದು ನೋಡಿತು, ಮುಂಗಾಲು ಎಳೆಯಿತು, ಮತ್ತೆ ಕುಸಿಯಿತು.

"ಸೋತೆ ತಾಯಿ" ಎಂದು ನರಳಿತು. "ಕಾಲು ಮುರೀತು, ಇನ್ನು ಓಡೋಕಾಗಲ್ಲ. ನಿನ್ನ ಕರುವನ್ನ ತಿಂದವನು ನಾನೇ. ಬಾ, ಸೇಡು ತೀರಿಸ್ಕೋ. ಸಾಯೋ ಮೊದಲು ಒಂದು ಮಾತು ಹೇಳ್ತೀನಿ. ಕೊನೇ ಗಳಿಗೇಲಿ ನಿನ್ನ ಕರು ಯಾರನ್ನ ಕರೀತು ಅಂತ ನಿನಗೆ ಗೊತ್ತಾ? ಹತ್ತಿರ ಬಾ, ಕಿವಿಯಲ್ಲಿ ಹೇಳ್ತೀನಿ."

ಒಂದು ವರ್ಷದಿಂದ ನೇರಳೆ ಕೆಸರಿನ ಗುಳ್ಳೆಗಳಲ್ಲಿ ಹುಡುಕಿದ್ದು ಆ ಕೂಗನ್ನೇ. ಅದನ್ನು ಕೇಳಲು ಏನು ಬೇಕಾದರೂ ಕೊಡುತ್ತಿತ್ತು. ಹತ್ತೇ ಮಾರು. ಮುಂಗಾಲೊಂದು ತನಗೆ ತಾನೇ ಮೇಲೆದ್ದಿತು.

ಅಷ್ಟರಲ್ಲಿ ಮರದ ಮೇಲಿಂದ ಬೆಳ್ಳಕ್ಕಿ ಬೇರೆ ರಾಗ ತೆಗೆಯಿತು. "ಪಾಪ, ಬಿದ್ದವನ ಮೇಲೆ ಕೋಪ ಬೇಡ ನೇರಳಕ್ಕ. ಕ್ಷಮಿಸಿ, ಹೋಗಿ ಎಬ್ಬಿಸಿ, ಕಾಲು ನೀವಿ. ಅದೇ ದೊಡ್ಡ ಧರ್ಮ."

ಆಗ ನೇರಳೆಯ ಹಿಂಗಾಲಿಗೆ ಏನೋ ಒದ್ದೆಯಾಗಿ ತಾಗಿತು. ಎಳ್ಳು ಹೆದರಿ, ತಾಯಿ ಯಾರು, ಪಕ್ಕದವಳು ಯಾರು ಎಂದು ತಿಳಿಯದೆ, ಸಿಕ್ಕಿದ ಕಾಲಿಗೆ ಮೂತಿ ಒತ್ತಿತ್ತು. ಒಂದು ಬಿಸಿಯುಸಿರು. ಇನ್ನೊಂದು.

ಇದು ರಾಗಿಯಲ್ಲ ಎಂದು ನೇರಳೆಗೆ ಗೊತ್ತಿತ್ತು. ಎತ್ತಿದ ಕಾಲನ್ನು ಎತ್ತಿದಲ್ಲೇ ಇಳಿಸಿತು.

"ನಾನು ಕೊಲ್ಲೋಕೂ ಬರಲ್ಲ, ಕಾಲು ನೀವೋಕೂ ಬರಲ್ಲ" ಎಂದಿತು. "ನನ್ನ ಜಾಗ ಇದು. ನನ್ನ ಕರು ಯಾರನ್ನ ಕರೀತು ಅನ್ನೋದು ನಿನ್ನ ಹತ್ತಿರವೇ ಇರಲಿ."

ಹುಲಿ ಕಾದು ನೋಡಿತು. ಇನ್ನಷ್ಟು ನರಳಿತು. ಮತ್ತಿಮರದ ನೆರಳು ಹುಲಿಯ ಬಾಲದಿಂದ ತಲೆಯವರೆಗೂ ಸರಿಯಿತು. ಬಳೆ ಕದಲಲಿಲ್ಲ. ಕೊನೆಗೆ ಹುಲಿ ನಾಲ್ಕೂ ಕಾಲಿನ ಮೇಲೆ ಸಲೀಸಾಗಿ ಎದ್ದು ಮೈಕೊಡವಿತು. ಭುಜದ ಗೀರನ್ನು ನೆಕ್ಕಿಕೊಂಡು, ಜೊಂಡಿನ ಕಡೆ ತಿರುಗಿ, "ಏಳೇ, ಇವತ್ತು ಇವಳು ಬರೋ ಹಾಗಿಲ್ಲ" ಎಂದಿತು.

ನೇರಳೆಯ ಕೊಂಬಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಜೊಂಡು ಅಲುಗಿತು. ಒಳಗಿನಿಂದ ಹೆಣ್ಣುಹುಲಿ ಆಕಳಿಸುತ್ತ ಎದ್ದು ಹೊರಬಂತು. ಎರಡೂ ಹಸಿದ ಹೊಟ್ಟೆಯಲ್ಲಿ ಗುಡ್ಡದ ಕಡೆ ಹೊರಟುಹೋದವು. ಬೆಳ್ಳಕ್ಕಿ ಮೇಷ್ಟ್ರು ಎರಡು ದಿನ ಯಾರ ಬೆನ್ನ ಮೇಲೂ ಕೂರಲಿಲ್ಲ.

ಬಳೆ ಬಿಚ್ಚಿದ ಮೇಲೆ ನೇರಳೆ ಬೂದಿಯ ಹತ್ತಿರ ಹೋಗಿ ನಿಂತಿತು.

"ಅವತ್ತು ನೀನು ನನ್ನ ಜಾಗಕ್ಕೆ ಸರಿದಿದ್ದರೆ ನಿನ್ನ ಜಾಗ ಖಾಲಿಯಾಗ್ತಿತ್ತು, ಅಲ್ವಾ?"

"ಹೌದು" ಎಂದಿತು ಬೂದಿ. "ನನ್ನ ಹಿಂದೆಯೂ ಕರುಗಳಿದ್ದವು."

"ಬಿಟ್ಟು ಹೋದವಳು ನಾನು. ವರ್ಷವಿಡೀ ನಿನ್ನ ಮೇಲೆ ಹೊರಿಸಿದೆ."

"ಯಾರ ಮೇಲಾದರೂ ಹೊರಿಸದೆ ನೀನು ಬದುಕ್ತಿರಲಿಲ್ಲ ಕಣೇ. ನನ್ನ ಬೆನ್ನು ಅಗಲ ಇದೆ, ಹೊತ್ತೆ."

ಮರುದಿನ ಕೆಸರಿನಲ್ಲಿ ಎಳ್ಳು ತಪ್ಪುಹೆಜ್ಜೆ ಹಾಕುತ್ತ ಬಂದು ನೇರಳೆಯ ಎಡಕ್ಕೆ ಮಲಗಲು ಹೋಯಿತು. ಬೂದಿ ಗಾಬರಿಯಿಂದ ಅದನ್ನು ಹಿಂದಕ್ಕೆ ಕರೆಯಿತು. "ಇರಲಿ ಬಿಡು" ಎಂದಿತು ನೇರಳೆ, ಮತ್ತೆ ಕರುವನ್ನು ಮೂತಿಯಿಂದ ಮೆಲ್ಲಗೆ ದೂಡುತ್ತ, "ಈ ಕಡೆ ಬಾ ಮಗ, ಬಲಗಡೆ ಮಲಗು" ಎಂದಿತು.

ಎಳ್ಳು ಬಲಗಡೆ ಮಲಗಿತು. ಇನ್ನೊಂದು ಪಕ್ಕದಿಂದ ಬೂದಿ ಬಂದು ಅದನ್ನು ಒತ್ತಿಕೊಂಡಿತು. ಎಡಮಗ್ಗುಲು ಹಾಗೇ ಇತ್ತು. ಅಲ್ಲೊಂದು ಗುಳ್ಳೆ ಒಡೆಯಿತು. ನೇರಳೆ ತಿರುಗಿ ನೋಡಿತು, ಎಂದಿನಂತೆ. ಮತ್ತಿಮರಕ್ಕೆ ಕೊಂಬು ಮಸೆಯುವುದನ್ನು ಮಾತ್ರ ಅದು ಅಂದಿನಿಂದ ಬಿಟ್ಟಿತು.

ನೀತಿ: ಬಲವಿರುವುದು ಕಾಯುವುದಕ್ಕೆ, ಅದನ್ನು ಸೇಡಿಗೆ ಅಟ್ಟಿದರೆ ನಾವು ಕಾಯಬೇಕಾದದ್ದೇ ಬಯಲಿಗೆ ಬೀಳುತ್ತದೆ.