ಹಳದಿ ಕಪ್ಪೆಗಳ ಮೆರವಣಿಗೆ

ಕೆರೆಯ ಒಂದು ಮೂಲೆಯನ್ನಾದರೂ ತಮ್ಮ ಮೊಟ್ಟೆಗಳಿಗೆ ಬಿಟ್ಟುಕೊಡಿ ಎಂದು ಎಮ್ಮೆಗಳನ್ನು ಕೇಳಲು ಕಪ್ಪೆಗಳು ಮೆರವಣಿಗೆ ಹೊರಟವು. ಮೊದಲ ಮಳೆಗೆ ಕೆಲವು ಗಂಡುಕಪ್ಪೆಗಳು ನಿಂಬೆಹಣ್ಣಿನಂತೆ ಹಳದಿಯಾಗಿ, ಗಂಟಲಿನ ನೀಲಿ ಚೀಲಗಳನ್ನು ಉಬ್ಬಿಸಿಕೊಂಡು ಬಂದಿದ್ದವು. ಹಿರಿಯ ಕಂದು ಕಪ್ಪೆಗೆ ಅದು ಸರಿಬರಲಿಲ್ಲ.

“ಮೈಗೆ ಸ್ವಲ್ಪ ಕೆಸರು ಬಳಿದುಕೊಳ್ಳಪ್ಪ. ಇದೇನು ನಾಟಕ ಕಂಪನಿಯೇ? ನಿನ್ನನ್ನು ನೋಡಿ ಎಮ್ಮೆಗಳು ಕಪ್ಪೆಗಳೆಲ್ಲ ಹೀಗೇ ಅಂದುಕೊಳ್ಳುತ್ತವೆ. ಮರ್ಯಾದಸ್ಥರ ಹೆಸರೂ ಕೆಡುತ್ತದೆ,” ಎಂದಿತು.

“ಕಳೆದ ವರ್ಷ ನೀವು ಹೇಳಿದಿರಿ ಅಂತ ಎಲ್ಲರೂ ಕೆಸರು ಬಳಿದುಕೊಂಡೇ ಹೋದೆವಲ್ಲ, ದೊಡ್ಡಪ್ಪ,” ಎಂದಿತು ಮುಂದಿದ್ದ ಹಳದಿ ಕಪ್ಪೆ. “ಎಮ್ಮೆಗಳು ನಮ್ಮನ್ನು ತುಳಿದುಕೊಂಡೇ ನೀರಿಗಿಳಿದವು. ನಿಮ್ಮ ಬಣ್ಣ ನಿಮಗಿರಲಿ, ಬದಲಿಸಿ ಎನ್ನುವುದಿಲ್ಲ. ನನ್ನದನ್ನು ನಾನು ಮುಚ್ಚುವುದೂ ಇಲ್ಲ.”

ದಡದಲ್ಲಿ ಹಳದಿ ಸಾಲನ್ನು ಕಂಡ ಮುಂದಾಳು ಎಮ್ಮೆ, ಎತ್ತಿದ ಕಾಲನ್ನು ಹಾಗೆಯೇ ನಿಲ್ಲಿಸಿತು.

“ಏನ್ರಪ್ಪಾ, ಯಾರ ಮದುವೆ? ಅರಿಶಿನ ಜಾಸ್ತಿಯಾಯಿತಲ್ಲ!”

ಹಿಂದಿನ ಎಮ್ಮೆಗಳು ಬಿದ್ದು ಬಿದ್ದು ನಕ್ಕವು.

“ನಗಿ, ಪರವಾಗಿಲ್ಲ. ಆದರೆ ಆ ಕಾಲನ್ನು ನೋಡಿಕೊಂಡು ಇಡಿ,” ಎಂದಿತು ಹಳದಿ ಕಪ್ಪೆ.

ಎಮ್ಮೆ ಕಾಲನ್ನು ಪಕ್ಕದ ಕೆಸರಿನ ಕಡೆಗೆ ತಿರುಗಿಸಿತು. ಅಲ್ಲಿ ಹಿರಿಯ ಕಪ್ಪೆ ಉಸಿರು ಬಿಗಿಹಿಡಿದು ಕೂತಿತ್ತು. ಎಮ್ಮೆಯ ಕಣ್ಣಿಗೆ ಅದೂ ಕೆಸರೇ. ಹಳದಿ ಕಪ್ಪೆ ಒಂದೇ ನೆಗೆತಕ್ಕೆ ಹಿರಿಯನ ಮುಂದೆ ಹೋಗಿ ಕುಳಿತು, ಗಂಟಲು ಉಬ್ಬಿಸಿ ಕೂಗಿತು:

“ಇಲ್ಲೂ ಒಬ್ಬರಿದ್ದಾರೆ!”

ಎಮ್ಮೆ ಬಗ್ಗಿ ನೋಡಿತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ನಗುತ್ತಿದ್ದವರ ಕಡೆ ತಿರುಗಿ ಹೇಳಿತು:

“ಈ ಮೂಲೆ ಬಿಟ್ಟು ಸುತ್ತಿಕೊಂಡು ಬನ್ನಿ. ಇಲ್ಲಿ ಜನ ಇದ್ದಾರೆ.”